ಸೆಕೆಯ ಊರಿನಲ್ಲಿ ಮೊದಲ 10 ಕಿಲೋಮೀಟರ್: ಕಾಸರಗೋಡಿನ ಹವ್ಯಾಸಿ ಓಟಗಾರರಿಗೆ

ಕರ್ನಾಟಕ-ಕೇರಳ ಗಡಿಯ ತಲಪಾಡಿಯಿಂದ ತೆಂಕಕ್ಕೆ ಈ ಕರಾವಳಿಯಲ್ಲಿ ಓಡುವವರಿಗೆ ದೂರಕ್ಕಿಂತ ದೊಡ್ಡ ಎದುರಾಳಿ ಸೆಕೆ. ಮೊಬೈಲಿನಲ್ಲಿ ಸಿಗುವ ತರಬೇತಿ ಪಟ್ಟಿಗಳಲ್ಲಿ ಹೆಚ್ಚಿನವು ಚಳಿ ಊರಿನವರು ಮಾಡಿದವು. ಅವುಗಳ ವೇಗವನ್ನು ಇದ್ದಹಾಗೆ ಕುಂಬಳೆಯಲ್ಲೋ ಉಪ್ಪಳದಲ್ಲೋ ಹಿಡಿಯಹೊರಟರೆ ಆರನೇ ಕಿಲೋಮೀಟರಿಗೆ ಕಾಲು ಗಟ್ಟಿಯಿದ್ದರೂ ತಲೆ ತಿರುಗತೊಡಗುತ್ತದೆ. ಕಾರಣ ಸರಳ. ಓಡುವಾಗ ಸ್ನಾಯುಗಳಲ್ಲಿ ಹುಟ್ಟುವ ಬಿಸಿಯನ್ನು ದೇಹ ಮುಖ್ಯವಾಗಿ ಬೆವರಿನ ಮೂಲಕ ಹೊರಹಾಕುತ್ತದೆ. ಮೈಮೇಲೆ ಆರಿದ ಬೆವರು ಮಾತ್ರ ತಂಪು ಕೊಡುತ್ತದೆ. ಹನಿಯಾಗಿ ನೆಲಕ್ಕೆ ಬಿದ್ದದ್ದು ಬರೀ ನಷ್ಟ. ಗಾಳಿಯಲ್ಲಿ ನೀರಿನ ಪಸೆ ತುಂಬಿರುವಾಗ ಬೆವರು ಆರುವುದಿಲ್ಲ, ಸುರಿಯುತ್ತದೆ. ಆಗ ಚರ್ಮವನ್ನು ತಂಪಾಗಿಡಲು ಹೃದಯ ಅತ್ತ ಹೆಚ್ಚು ರಕ್ತ ಕಳಿಸುತ್ತದೆ, ಕಾಲಿಗೆ ಪಾಲು ಕಡಮೆಯಾಗುತ್ತದೆ. ಹಾಗಾಗಿ ಇಲ್ಲಿ ಮೊದಲ 10 ಕಿಲೋಮೀಟರ್ ಚೆನ್ನಾಗಿ ಮುಗಿಯುವುದು ಮೂರು ನಿರ್ಧಾರಗಳ ಮೇಲೆ ನಿಂತಿದೆ: ಯಾವ ತಿಂಗಳ ಓಟ, ಎಷ್ಟು ಗಂಟೆಗೆ ಹೊರಡುವ ಓಟ, ಮೊದಲ ಮೂರು ಕಿಲೋಮೀಟರ್ ಎಷ್ಟು ನಿಧಾನ.

ತಿಂಗಳು ಮತ್ತು ಗಂಟೆ

ಮೊದಲ ಓಟಕ್ಕೆ ಡಿಸೆಂಬರ್, ಜನವರಿ ಅಥವಾ ಫೆಬ್ರವರಿ ಆರಂಭವನ್ನು ಆರಿಸಿಕೊಳ್ಳಿ. ಆ ದಿನಗಳಲ್ಲಿ ಬೆಳಗ್ಗೆ ಘಟ್ಟದ ಕಡೆಯಿಂದ ಒಣ ಗಾಳಿ ಬೀಸುತ್ತದೆ, ಬೆವರು ಸ್ವಲ್ಪವಾದರೂ ಆರುತ್ತದೆ. ಮಾರ್ಚ್ ಮಧ್ಯದಿಂದ ಮೇ ಕೊನೆಯವರೆಗೆ ಹೊಸಬರು 5 ಕಿಲೋಮೀಟರಿಗಿಂತ ಉದ್ದದ ಓಟಕ್ಕೆ ಹೆಸರು ಕೊಡದಿರುವುದೇ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಮೈಯನ್ನು ತಂಪಾಗಿಡುತ್ತದೆ, ಆದರೆ ಜಾರುವ ರಸ್ತೆ, ಚಂಡಿ ಶೂ, ಕಾಲಿನ ಬೊಬ್ಬೆ ಕಾಡುತ್ತವೆ. ಅಕ್ಟೋಬರ್ ನವೆಂಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು. ಆಗ ಸಂಜೆಯ ತಾಲೀಮನ್ನು ಬಿಟ್ಟು ಬೆಳಗ್ಗೆಯೇ ಓಡಿ.

ಗಂಟೆಯ ವಿಷಯದಲ್ಲಿ ಫಿಲಿಪ್ಪೀನ್ಸಿನವರ ಪದ್ಧತಿ ನಮಗೆ ಪಾಠವಾಗಬಲ್ಲದು. ಮನಿಲಾ ಇರುವುದು ಸುಮಾರು 14.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಕಾಸರಗೋಡು 12.5ರಲ್ಲಿ. ಅಲ್ಲಿಯೂ ಹೀಗೇ ಕಡಲು, ಹೀಗೇ ಸೆಕೆ. ಅಲ್ಲಿ ಪೂರ್ಣ ಮ್ಯಾರಥಾನನ್ನು ನಡುರಾತ್ರಿ ಕಳೆದು ಎರಡು, ಮೂರು ಗಂಟೆಗೆ ಹೊರಡಿಸುವುದು ಸಾಮಾನ್ಯ. ಸಣ್ಣ ದೂರದವರನ್ನೂ ಐದರ ಆಸುಪಾಸಿಗೆ ಬಿಟ್ಟುಬಿಡುತ್ತಾರೆ. ಬಿಸಿಲು ಏರುವ ಮೊದಲು ನಿಧಾನದವರೂ ಮುಗಿಸಬೇಕೆಂಬ ಲೆಕ್ಕ ಅದು. ಇನ್ನೊಂದು ಒಳ್ಳೆಯ ಕ್ರಮವೂ ಅಲ್ಲಿದೆ: 3, 5, 10 ಮತ್ತು 21 ಕಿಲೋಮೀಟರಿನ ಜೊತೆಗೆ ಹಲವು ಓಟಗಳಲ್ಲಿ 16 ಕಿಲೋಮೀಟರಿನ ವಿಭಾಗವೂ ಇರುತ್ತದೆ. 10ರಿಂದ ಒಮ್ಮೆಲೇ 21ಕ್ಕೆ ಹಾರಲು ಅಂಜುವವರಿಗೆ ಅದೊಂದು ನಡುಮೆಟ್ಟಿಲು. ನಮ್ಮ ಕಡೆ ಇದು ಅಪರೂಪ. ಬೇಕಾದವರು ತಾಲೀಮಿನಲ್ಲೇ ಮಾಡಿಕೊಳ್ಳಬೇಕು.

ನಮಗಿರುವ ಒಂದು ಅನುಕೂಲವೆಂದರೆ ಸೂರ್ಯ ತಡವಾಗಿ ಏಳುತ್ತಾನೆ. ಭಾರತದ ಗಡಿಯಾರ ನಿಂತಿರುವುದು 82.5 ಡಿಗ್ರಿ ರೇಖಾಂಶದ ಮೇಲೆ, ಕಾಸರಗೋಡು ಇರುವುದು 75ರಲ್ಲಿ. ಅಲ್ಲಿಗೆ ಅರ್ಧ ಗಂಟೆಯ ವ್ಯತ್ಯಾಸ. ಜನವರಿಯಲ್ಲಿ ಸೂರ್ಯೋದಯ 6.50 ದಾಟುತ್ತದೆ, ಮೇ ಕೊನೆಗೆ 6.05ರ ಸುಮಾರು. ಜನವರಿಯಲ್ಲಿ 6ಕ್ಕೆ ಹೊರಡುವ 10 ಕಿಲೋಮೀಟರ್ ಓಟ ಹೆಚ್ಚುಕಡಮೆ ನೆರಳಿನಲ್ಲೇ ಮುಗಿಯುತ್ತದೆ. ನೋಟೀಸಿನಲ್ಲಿ 7 ಗಂಟೆ ಎಂದಿದ್ದರೆ, ಉದ್ಘಾಟನೆ, ಭಾಷಣ, ಬಾವುಟ ಎಲ್ಲ ಸೇರಿ 7.30 ಆದೀತೆಂದು ಎಣಿಸಿ, ಅದಕ್ಕೆ ತಕ್ಕಂತೆ ವೇಗ ಇಳಿಸಿ. ಅತಿಥಿಗಳು ಬರುವವರೆಗೆ ಓಟಗಾರರನ್ನು ಬಿಸಿಲಲ್ಲಿ ನಿಲ್ಲಿಸುವುದು ಸರಿಯಲ್ಲ. ಇದನ್ನು ಸಂಘಟಕರಿಗೆ ಮೊದಲೇ ಹೇಳಿದರೆ ತಪ್ಪೇನಿಲ್ಲ.

ನೋಟೀಸು ಓದುವ ಕ್ರಮ

ಗಡಿಯೂರಿನ ಓಟದ ನೋಟೀಸುಗಳು ಒಮ್ಮೆ ಕನ್ನಡದಲ್ಲಿ, ಹೆಚ್ಚಾಗಿ ಮಲಯಾಳದಲ್ಲಿ, ನಡುನಡುವೆ ಇಂಗ್ಲಿಷಿನಲ್ಲಿ ಬರುತ್ತವೆ. ಮಲಯಾಳ ಓದಲು ಬಾರದವರು ಬೇರೆಯವರಿಂದ ಓದಿಸಿಕೊಳ್ಳುವಾಗ ಕೆಲವು ಮಾತುಗಳನ್ನು ಗಮನಿಸಿ. ‘ಕೂಟ್ಟಯೋಟ್ಟಂ’ ಎಂದರೆ ಎಲ್ಲರೂ ಸೇರಿ ಓಡುವ ಜಾಗೃತಿ ಓಟ: ಸಮಯ ಎಣಿಸುವುದಿಲ್ಲ, ದೂರ ಎರಡೋ ಮೂರೋ ಕಿಲೋಮೀಟರ್, ಮುಂದಿನ ಸಾಲಿನಲ್ಲಿ ಬ್ಯಾನರ್ ಹಿಡಿದವರು ಇರುತ್ತಾರೆ. ಗುಂಪಿನಲ್ಲಿ ಓಡುವ ಅಭ್ಯಾಸಕ್ಕೆ ಇದು ಒಳ್ಳೆಯದು, ಪೈಪೋಟಿಗೆ ಸಲ್ಲದು. ‘ಸಮ್ಮಾನಂ’ ಎಂದರೆ ಬಹುಮಾನ. ನಮ್ಮ ಸನ್ಮಾನ ಎಂದುಕೊಳ್ಳಬೇಡಿ. ‘ಪ್ರಾಯಂ’ ನಮ್ಮ ಪ್ರಾಯವೇ. ‘ಮಿನಿ ಮ್ಯಾರಥಾನ್’ ಎಂಬುದಕ್ಕೆ ಮಾತ್ರ ಗೊತ್ತಾದ ಅಳತೆಯೇ ಇಲ್ಲ. ಅದು 4 ಕಿಲೋಮೀಟರೂ ಆಗಬಹುದು, 12ಕ್ಕೂ ಹೋಗಬಹುದು. ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್, ಅರ್ಧ ಮ್ಯಾರಥಾನ್ 21.0975. ಉಳಿದ ಯಾವುದೇ ಹೆಸರಿಗೂ ದೂರವನ್ನು ಅಂಕೆಯಲ್ಲಿ ಕೇಳಿ ತಿಳಿದುಕೊಳ್ಳಬೇಕು.

ಹಣ ಕಟ್ಟುವ ಮೊದಲು ನೋಟೀಸಿನ ಕೆಳಗಿರುವ ನಂಬರಿಗೆ ಫೋನ್ ಮಾಡಿ. ದಾರಿ ಎಲ್ಲಿಂದ ಎಲ್ಲಿಗೆ, ರಾಷ್ಟ್ರೀಯ ಹೆದ್ದಾರಿ 66ನ್ನು ಎಲ್ಲಾದರೂ ದಾಟಬೇಕೇ, ದಾಟುವಲ್ಲಿ ಪೊಲೀಸರು ಇರುತ್ತಾರೆಯೇ? ನೀರು ಎಷ್ಟು ಕಿಲೋಮೀಟರಿಗೊಮ್ಮೆ? ಎರಡೂವರೆಗಿಂತ ದೂರವಿದ್ದರೆ ಬಾಟಲಿ ನಿಮ್ಮದೇ. ಆಂಬ್ಯುಲೆನ್ಸ್ ಇದೆಯೇ? ಸಮಯ ಎಣಿಸುವುದು ನಂಬರಿನ ಹಾಳೆಗೆ ಅಂಟಿಸಿದ ಎಲೆಕ್ಟ್ರಾನಿಕ್ ಚಿಪ್‌ನಿಂದಲೋ ಕೈಗಡಿಯಾರದಿಂದಲೋ? ಎಷ್ಟು ನಿಮಿಷದೊಳಗೆ ಮುಗಿಸಬೇಕು? 10 ಕಿಲೋಮೀಟರಿಗೆ 90 ನಿಮಿಷದ ಗಡುವು ಎಂದರೆ ಕಿಲೋಮೀಟರಿಗೆ 9 ನಿಮಿಷ. ನಡುನಡುವೆ ನಡೆಯುವವರಿಗೂ ಸಾಕು. 75 ನಿಮಿಷ ಎಂದರೆ ಹೊಸಬರಿಗೆ ಬಿಗಿ. ಆಂಬ್ಯುಲೆನ್ಸ್ ಬಗ್ಗೆ ಹಾರಿಕೆಯ ಉತ್ತರ ಬಂದರೆ ಆ ಓಟವನ್ನು ಬಿಟ್ಟುಬಿಡುವುದು ಲೇಸು. ಪದಕ ಚೆಂದವಿದೆಯೋ ಇಲ್ಲವೋ ಎಂಬುದೆಲ್ಲ ಆಮೇಲಿನ ಮಾತು.

ಅರ್ಜಿಯಲ್ಲಿ ತುರ್ತು ಸಂಪರ್ಕ ಸಂಖ್ಯೆ, ರಕ್ತದ ಗುಂಪು, ತೆಗೆದುಕೊಳ್ಳುವ ಔಷಧಿ ಕೇಳುತ್ತಾರೆ. ನಿಜವನ್ನೇ ಬರೆಯಿರಿ. ಬರಲಾಗದ ಗೆಳೆಯನ ನಂಬರು ಕಟ್ಟಿಕೊಂಡು ಓಡುವುದು ನಮ್ಮಲ್ಲಿ ಸಲೀಸಾಗಿ ನಡೆಯುತ್ತದೆ, ಆದರೆ ದಾರಿಯಲ್ಲಿ ಕುಸಿದು ಬಿದ್ದರೆ ವೈದ್ಯರ ಕೈಗೆ ಸಿಗುವುದು ಆ ಗೆಳೆಯನ ವಿವರ. ನಲವತ್ತು ದಾಟಿದವರು, ಬಿಪಿ, ಸಕ್ಕರೆ ಕಾಯಿಲೆ ಇರುವವರು, ಮನೆಯಲ್ಲಿ ಹೃದಯದ ತೊಂದರೆ ಕಂಡವರು ತಾಲೀಮು ಶುರುಮಾಡುವ ಮೊದಲೇ ವೈದ್ಯರನ್ನು ನೋಡಿ ಇಸಿಜಿ ಮಾಡಿಸಿಕೊಳ್ಳಿ. ಟೀ ಶರ್ಟಿನ ಅಳತೆಯಲ್ಲಿ ಅನುಮಾನ ಬಂದರೆ ಒಂದು ಸೈಜು ದೊಡ್ಡದು ಬರೆಯಿರಿ.

ಹತ್ತು ವಾರದ ತಾಲೀಮು

ಮುಕ್ಕಾಲು ಗಂಟೆ ನಿಲ್ಲದೆ ಬೀಸುನಡಿಗೆ ನಡೆಯಬಲ್ಲವರಿಗೆ ಹತ್ತು ವಾರ ಸಾಕು. ವಾರಕ್ಕೆ ನಾಲ್ಕು ದಿನ ಓಟ. ಮಂಗಳವಾರ 30 ನಿಮಿಷ, ಗುರುವಾರ 35, ಶನಿವಾರ 20, ಭಾನುವಾರ ಉದ್ದ ಓಟ. ಭಾನುವಾರದ ಕಿಲೋಮೀಟರುಗಳು ಕ್ರಮವಾಗಿ 4, 5, 6, 5, 7, 8, 6, 9, 6. ಹತ್ತನೇ ಭಾನುವಾರ ಓಟವೇ. ನಡುವೆ 5 ಮತ್ತು 6ಕ್ಕೆ ಇಳಿದಿರುವುದು ಬರಹದ ತಪ್ಪಲ್ಲ. ಹೃದಯ ಶ್ವಾಸಕೋಶಗಳು ಮೂರು ವಾರದಲ್ಲಿ ಪಳಗುತ್ತವೆ, ಮೊಣಗಂಟಿನ ಕೆಳಗಿನ ಎಲುಬು ಮತ್ತು ಹಿಮ್ಮಡಿಯ ನರಕ್ಕೆ ಹೆಚ್ಚು ಕಾಲ ಬೇಕು. ‘ಉಸಿರು ಕಟ್ಟುವುದಿಲ್ಲವಲ್ಲ, ಇನ್ನೂ ಎರಡು ಓಡೋಣ’ ಎಂದವರೇ ಐದನೇ ವಾರಕ್ಕೆ ಮುಂಗಾಲು ಎಲುಬಿನ ನೋವು ಹಿಡಿದು ಕೂರುವುದು. ಆ ಎಲುಬಿನ ಮೇಲೆ ಬೆರಳಿನಿಂದ ಒತ್ತಿದಾಗ ಒಂದೇ ಚುಕ್ಕೆಯಲ್ಲಿ ಚುಚ್ಚಿದಂತೆ ನೋವಾದರೆ ಓಟ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಉದ್ದಕ್ಕೂ ಹರಡಿದ ನೋವಾದರೆ ಒಂದು ವಾರದ ವಿಶ್ರಾಂತಿ, ನಂತರ ಅರ್ಧ ದೂರ.

ವೇಗಕ್ಕೆ ಅಳತೆಗೋಲು ಮಾತು. ಪಕ್ಕದವರೊಡನೆ ಪೂರ್ತಿ ವಾಕ್ಯ ಆಡಲು ಬರಬೇಕು. ಎರಡು ಪದಕ್ಕೊಮ್ಮೆ ಉಸಿರೆಳೆದರೆ ವೇಗ ಹೆಚ್ಚಾಯಿತು. ಮೊದಲ ಮೂರು ವಾರ 4 ನಿಮಿಷ ಓಟ, 1 ನಿಮಿಷ ನಡಿಗೆ ಎಂದು ಕಟ್ಟುನಿಟ್ಟಾಗಿ ಮಾಡಿ. ದಣಿದ ಮೇಲೆ ನಡೆಯುವುದಕ್ಕೂ ದಣಿಯುವ ಮೊದಲೇ ನಡೆಯುವುದಕ್ಕೂ ಬಹಳ ವ್ಯತ್ಯಾಸ. ಗುರುವಾರ, ನಾಲ್ಕನೇ ವಾರದಿಂದ, ಏರು ಸೇರಿಸಿ: 45 ಸೆಕೆಂಡ್ ಗುಡ್ಡೆಯ ರಸ್ತೆ ಹತ್ತಿ, ನಡೆದು ಇಳಿದು, ಆರು ಸಲ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರಿಗೆ ಏರು ಹುಡುಕುವ ಕೆಲಸವಿಲ್ಲ. ಅಲ್ಲಿ ಕಷ್ಟ ಇಳಿಜಾರಿನದು. ಇಳಿಯುವಾಗ ಹೆಜ್ಜೆ ಚಿಕ್ಕದಾಗಿರಲಿ, ಪಾದ ಮೊಣಗಂಟಿನ ನೇರ ಕೆಳಗೆ ಬೀಳಲಿ. ಉದ್ದ ಹೆಜ್ಜೆ ಹಾಕಿ ಹಿಮ್ಮಡಿ ಊರಿದರೆ ಪೆಟ್ಟೆಲ್ಲ ಮಂಡಿಗೆ.

ಏಳನೇ ವಾರದ ಕೊನೆಗೆ 5 ಕಿಲೋಮೀಟರನ್ನು ಗಟ್ಟಿಯಾಗಿ ಓಡಿ ಸಮಯ ಬರೆದಿಡಿ. ಅದನ್ನು 2.085ರಿಂದ ಗುಣಿಸಿದರೆ 10 ಕಿಲೋಮೀಟರಿನ ಅಂದಾಜು ಸಿಗುತ್ತದೆ. 33 ನಿಮಿಷದ 5 ಕಿಲೋಮೀಟರ್ ಎಂದರೆ ಸುಮಾರು 69 ನಿಮಿಷ. ಇದು ಒಂದೇ ಹವೆಯಲ್ಲಿ ಓಡಿದಾಗಿನ ಲೆಕ್ಕ. ಸೆಕೆಗೆ ಓಟಗಾರರು ಬಳಸುವ ಒಂದು ಒರಟು ಸೂತ್ರವಿದೆ. ಮೊಬೈಲಿನ ಹವಾಮಾನ ಆ್ಯಪಿನಲ್ಲಿ ‘ಇಬ್ಬನಿ ಬಿಂದು’ ಅಥವಾ ‘ಡ್ಯೂ ಪಾಯಿಂಟ್’ (ಗಾಳಿಯ ಪಸೆ ಇಬ್ಬನಿಯಾಗತೊಡಗುವ ತಾಪ) ನೋಡಿ. 20 ಡಿಗ್ರಿಗಿಂತ ಕೆಳಗಿದ್ದರೆ ನಿಮ್ಮ ವೇಗ ನಿಮ್ಮದು. 20ರಿಂದ 24 ಇದ್ದರೆ ಕಿಲೋಮೀಟರಿಗೆ 15–20 ಸೆಕೆಂಡ್ ಬಿಟ್ಟುಕೊಡಿ. 24 ದಾಟಿದರೆ ಅರ್ಧ ನಿಮಿಷಕ್ಕೂ ಹೆಚ್ಚು ಬಿಟ್ಟುಕೊಟ್ಟು, ಸಮಯದ ಆಸೆಯನ್ನೇ ಆ ದಿನಕ್ಕೆ ಕೈಬಿಡಿ. ಆ್ಯಪಿನ ‘ಆರ್ದ್ರತೆ ಶೇ. 90’ ನೋಡಿ ಗಾಬರಿಯಾಗುವುದು ಬೇಡ. ಬೆಳಗಿನ ಜಾವ ತಂಪಿರುವುದರಿಂದಲೇ ಆ ಅಂಕೆ ಏರುತ್ತದೆ. ಮೈಗೆ ತಟ್ಟುವ ಸೆಕೆಯನ್ನು ಇಬ್ಬನಿ ಬಿಂದು ಹೆಚ್ಚು ಸರಿಯಾಗಿ ಹೇಳುತ್ತದೆ.

ಬೆಂಗಳೂರಿನಿಂದ ರಜೆಗೆ ಊರಿಗೆ ಬಂದು ಮರುದಿನವೇ ಓಡಲು ಹೋಗುವವರಿಗೆ ಒಂದು ಮಾತು. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ, ಅಲ್ಲಿಯ ಗಾಳಿ ಒಣ. 2008ರಿಂದ ಅಲ್ಲಿ ನಡೆಯುತ್ತಿರುವ ವಿಶ್ವ 10ಕೆ ಓಟದಲ್ಲಿ ಪಡೆದ ಸಮಯ ಇಲ್ಲಿಗೆ ಹೊಂದುವುದಿಲ್ಲ. ದೇಹ ಸೆಕೆಗೆ ಒಗ್ಗಲು 10ರಿಂದ 14 ದಿನ ಬೇಕು. ಅಷ್ಟರಲ್ಲಿ ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಕಡಮೆಯಾಗುತ್ತದೆ. ಮೊದಲ ನಾಲ್ಕು ದಿನ 20 ನಿಮಿಷ ಮೀರಬೇಡಿ. ಏಸಿ ಕೋಣೆಯ ಟ್ರೆಡ್‌ಮಿಲ್ಲಿನಲ್ಲೇ ಎಲ್ಲ ತಾಲೀಮು ಮಾಡುವವರಿಗೂ ಇದೇ ಮಾತು.

ರಸ್ತೆ, ಮರಳು, ನಾಯಿ

ರಸ್ತೆಯ ಬಲಬದಿಯಲ್ಲಿ, ಬರುವ ವಾಹನಕ್ಕೆ ಮುಖಮಾಡಿ ಓಡಿ. ಬೆಳಕು ಹರಿಯುವ ಮೊದಲು ಮಿನುಗುವ ಪಟ್ಟಿಯ ಅಂಗಿ, ಕೈಯಲ್ಲಿ ಸಣ್ಣ ಟಾರ್ಚ್. ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿನಿಂದಲೂ ಸ್ಕೂಟರ್ ಬರುತ್ತದೆ. ಎರಡೂ ಕಿವಿಗೆ ಇಯರ್‌ಫೋನ್ ಬೇಡ. ಬೇಕಲದಂಥ ಕಡಲತೀರದಲ್ಲಿ ಇಳಿತದ ಹೊತ್ತಿಗೆ, ಅಲೆ ಈಗಷ್ಟೇ ಹಿಂದೆ ಸರಿದ ಗಟ್ಟಿ ಮರಳಿನ ಮೇಲೆ ಓಡಬಹುದು. ತೀರ ಕಡಲಿನ ಕಡೆಗೆ ವಾಲಿರುವುದರಿಂದ ಒಂದು ಕಾಲು ಯಾವಾಗಲೂ ತಗ್ಗಿನಲ್ಲಿ ಬೀಳುತ್ತದೆ. ಹೋದಷ್ಟೇ ದೂರ ಅದೇ ದಾರಿಯಲ್ಲಿ ಮರಳಿ ಬಂದರೆ ಎರಡೂ ಕಾಲಿಗೆ ಸಮವಾಗುತ್ತದೆ. ಮಳೆಗಾಲದಲ್ಲಿ ಮುರಕಲ್ಲಿನ ಮೆಟ್ಟಿಲು, ತೋಟದ ಸಂಕ, ಹಾವಸೆ ಕಟ್ಟಿದ ಕಾಂಕ್ರೀಟ್ ಕಂಡಲ್ಲಿ ನಡೆಯಿರಿ.

ನಾಯಿ ಬೊಗಳುತ್ತ ಬಂದರೆ ಓಟ ನಿಲ್ಲಿಸಿ, ಬೆನ್ನು ಕೊಡದೆ ನಿಧಾನ ನಡೆದು ದಾಟಿ. ಕಚ್ಚಿದರೆ, ಬರೀ ಉಗುರು ತಾಗಿ ಗೀರಿದರೂ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿ. ಅರಿಶಿನ, ಸುಣ್ಣ ಹಚ್ಚಬೇಡಿ.

ಶೂ, ಬಟ್ಟೆ, ಮೈ ಉಜ್ಜುವಿಕೆ

ಶೂ ಕೊಳ್ಳಲು ಸಂಜೆ ಹೋಗಿ. ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ, ಓಡುವಾಗಲೂ ಹಾಗೇ ಊದುತ್ತದೆ. ನಿಂತಾಗ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಬೇಕು. ಇಲ್ಲದಿದ್ದರೆ ಇಳಿಜಾರಿನಲ್ಲಿ ಬೆರಳು ಶೂವಿನ ಮೂತಿಗೆ ಬಡಿದು ಉಗುರು ಕಪ್ಪಾಗುತ್ತದೆ. ಉಗುರನ್ನು ಓಟಕ್ಕೆ ಮೂರು ದಿನ ಮೊದಲು ನೇರವಾಗಿ ಕತ್ತರಿಸಿ, ಮೂಲೆ ಒಳಗೆ ಕೊರೆಯಬೇಡಿ. ಒಂದು ಜೊತೆ ಶೂ ಸುಮಾರು 500ರಿಂದ 800 ಕಿಲೋಮೀಟರ್ ಬರುತ್ತದೆ. ಓಟದ ದಿನ ಹೊಸ ಶೂ ಹಾಕುವುದು ಬೊಬ್ಬೆಗೆ ಆಮಂತ್ರಣ. ಅದರಲ್ಲಿ ಕನಿಷ್ಠ 40 ಕಿಲೋಮೀಟರ್ ಮೊದಲೇ ಓಡಿರಬೇಕು.

ಹತ್ತಿ ಬನಿಯನ್ ಬೆವರು ಹೀರಿ ಭಾರವಾಗಿ ಮೈಗೆ ಅಂಟುತ್ತದೆ. ತೆಳು ಪಾಲಿಯೆಸ್ಟರ್ ಅಂಗಿ, ನೈಲಾನ್ ಬೆರೆತ ಕಾಲುಚೀಲ ಸಾಕು. ತೊಡೆಸಂದು, ಕಂಕುಳು, ಹೆಂಗಸರಿಗೆ ಒಳಉಡುಪಿನ ಪಟ್ಟಿ ಉಜ್ಜುವ ಜಾಗ, ಇಷ್ಟಕ್ಕೂ ಎಣ್ಣೆಯ ಪಸೆ ಬೇಕು. ಮನೆಯಲ್ಲಿರುವ ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೇ ಕರಗುತ್ತದೆ, ಮೈಬಿಸಿಗೆ ನೀರಾಗಿ ಬೆವರಿನ ಜೊತೆ ಇಳಿದು ಹೋಗುತ್ತದೆ. ನಾಲ್ಕೈದು ಕಿಲೋಮೀಟರಿಗೆ ಅಡ್ಡಿಯಿಲ್ಲ, 10ಕ್ಕೆ ವ್ಯಾಸಲಿನ್ ಹಚ್ಚಿ. ಗಂಡಸರು ಎದೆಯ ಮೊಲೆತೊಟ್ಟಿಗೆ ಬ್ಯಾಂಡ್‌ಏಡ್ ಅಂಟಿಸಿ, ವ್ಯಾಸಲಿನ್ ತಾಗುವ ಮೊದಲು, ಒಣ ಮೈಮೇಲೆ. ಹೆಂಗಸರಿಗೆ ಸರಿಯಾದ ಸ್ಪೋರ್ಟ್ಸ್ ಬ್ರಾ ಶೂವಿನಷ್ಟೇ ಮುಖ್ಯ. ಎರಡು ಬೆರಳು ಮಾತ್ರ ತೂರುವಷ್ಟು ಬಿಗಿಯಿರಲಿ.

ನೀರು, ಉಪ್ಪು, ಬೊಂಡ

ನಿಮ್ಮ ಬೆವರು ಎಷ್ಟೆಂದು ಒಮ್ಮೆ ಅಳೆಯಿರಿ. ಓಡುವ ಮೊದಲು ಮೂತ್ರ ಮಾಡಿ, ಕನಿಷ್ಠ ಬಟ್ಟೆಯಲ್ಲಿ ತೂಕ ನೋಡಿ. ಓಡಿ ಬಂದು ಮೈ ಒರೆಸಿ ಮತ್ತೆ ನೋಡಿ. 62.4 ಕಿಲೋ ಇದ್ದದ್ದು 45 ನಿಮಿಷದಲ್ಲಿ 61.6ಕ್ಕೆ ಇಳಿದು, ನಡುವೆ 200 ಮಿಲಿಲೀಟರ್ ಕುಡಿದಿದ್ದರೆ ಹೋದ ಬೆವರು 1 ಲೀಟರ್. ಗಂಟೆಗೆ ಸುಮಾರು 1.3 ಲೀಟರ್. ಅಷ್ಟನ್ನೂ ಓಡುತ್ತ ತುಂಬಬೇಕೆಂದಿಲ್ಲ. ತೂಕದ ಶೇ. 2ರವರೆಗಿನ ನಷ್ಟವನ್ನು ದೇಹ ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಈ ಮನುಷ್ಯ 70 ನಿಮಿಷದ ಓಟದಲ್ಲಿ 400–500 ಮಿಲಿಲೀಟರನ್ನು ಬಾಯಾರಿಕೆಗೆ ತಕ್ಕಂತೆ, ಗುಟುಕು ಗುಟುಕಾಗಿ ಕುಡಿದರೆ ಸಾಕು. ಹೆದರಿಕೆಯಿಂದ ಪ್ರತಿ ಮೇಜಿನಲ್ಲೂ ಎರಡೆರಡು ಲೋಟ ಕುಡಿಯುವುದೂ ಅಪಾಯವೇ. ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಬೆರಳು ಊದುವುದು, ಕೊನೆಗೆ ಪ್ರಜ್ಞೆ ತಪ್ಪುವುದು. ಓಟದ ನಂತರ ತೂಕ ಏರಿದ್ದರೆ ನೀರು ಹೆಚ್ಚಾಯಿತೆಂದೇ ಅರ್ಥ.

ಬೊಂಡದ ನೀರು, ಅಂದರೆ ಎಳನೀರು, ನಮ್ಮ ಭಾಗ್ಯ, ಆದರೆ ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಹಾಗಾಗಿ ಓಟ ಮುಗಿದ ಮೇಲೆ ಒಂದು ಬೊಂಡಕ್ಕೆ ಎರಡು ಚಿಟಿಕೆ ಉಪ್ಪು ಹಾಕಿ ಕುಡಿಯಿರಿ. ಓಟಕ್ಕೆ ಮೊದಲು ಬೇಡ, ಕೆಲವರ ಹೊಟ್ಟೆ ಸಡಿಲವಾಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಬೊಂಡದ ಬಗ್ಗೆ ವೈದ್ಯರನ್ನು ಕೇಳಬೇಕು. ಒಆರ್‌ಎಸ್ ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದ ಪೊಟ್ಟಣವನ್ನೇ ಕೇಳಿ. 20.5 ಗ್ರಾಮಿನ ಪೊಟ್ಟಣಕ್ಕೆ ಸರಿಯಾಗಿ 1 ಲೀಟರ್ ನೀರು. ಅರ್ಧ ಲೀಟರ್ ಬಾಟಲಿಗೆ ಪೂರ್ತಿ ಪೊಟ್ಟಣ ಸುರಿದರೆ ಅದು ಕರುಳಿಗೆ ನೀರನ್ನು ಎಳೆದು ಹೊಟ್ಟೆ ಕೆಡಿಸುತ್ತದೆ. ಅಂದಾಜಿನಲ್ಲಿ ಅರ್ಧ ಪೊಟ್ಟಣ ಹಾಕುವುದಕ್ಕಿಂತ ಮನೆಯಲ್ಲಿ ಒಂದು ಲೀಟರ್ ಕಲಸಿ, ಅದರಿಂದ ಬಾಟಲಿ ತುಂಬಿಸಿಕೊಳ್ಳಿ.

ಹಿಂದಿನ ರಾತ್ರಿ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಸ್ವಲ್ಪ ಪಲ್ಯ. ಹಲಸು, ಕಡಲೆ, ಹುರಿದ ಮೀನು ಮರುದಿನಕ್ಕಿರಲಿ. ಬೆಳಗ್ಗೆ ಓಟಕ್ಕೆ ಒಂದೂವರೆ ಗಂಟೆ ಮೊದಲು ಬೇಯಿಸಿದ ನೇಂದ್ರ ಬಾಳೆಹಣ್ಣು ಒಂದು, ಅಥವಾ ಬೆಲ್ಲ ಹಾಕಿದ ಅವಲಕ್ಕಿ ಒಂದು ಹಿಡಿ, ಜೊತೆಗೆ ಒಂದು ಲೋಟ ನೀರು. ದಿನವೂ ಚಹಾ ಕುಡಿಯುವವರು ಅಂದೂ ಕುಡಿಯಲಿ. ಇದನ್ನೆಲ್ಲ ಎರಡು ಭಾನುವಾರ ಮೊದಲೇ ತಿಂದು ನೋಡಿರಬೇಕು. ನೋವಿನ ಮಾತ್ರೆ ನುಂಗಿ ಓಡಬೇಡಿ; ಐಬುಪ್ರೊಫೆನ್‌ನಂಥವು ನೀರು ಕಡಮೆಯಾದ ದೇಹದಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ.

ಓಟದ ಬೆಳಗ್ಗೆ

ಮಂಗಳೂರಿನ ಓಟಕ್ಕೆ ಹೋಗುವವರು ಮೊದಲ ಬಸ್ಸನ್ನೋ ರೈಲನ್ನೋ ನಂಬಬೇಡಿ. ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್. ನಾಲ್ಕು ಮಂದಿ ಸೇರಿ ಕಾರು ಮಾಡಿಕೊಂಡರೆ ತಲಪಾಡಿ ಟೋಲ್ ದಾಟಿ ಹೊತ್ತಿಗೆ ಸರಿಯಾಗಿ ತಲುಪಬಹುದು. ಬಿಬ್ಬನ್ನು, ಅಂದರೆ ಅಂಗಿಯ ಮುಂದೆ ಚುಚ್ಚುವ ನಂಬರಿನ ಹಾಳೆಯನ್ನು, ಹಿಂದಿನ ದಿನವೇ ಕೊಡುವುದಾದರೆ ಯಾರಾದರೊಬ್ಬರು ಎಲ್ಲರದೂ ಗುರುತುಚೀಟಿಯ ಪ್ರತಿ, ನೋಂದಣಿಯ ಮೆಸೇಜು ಹಿಡಿದು ಹೋಗಿ ತರಲಾಗುತ್ತದೆಯೇ ಎಂದು ಕೇಳಿಕೊಳ್ಳಿ. ಹೊರಡುವುದಕ್ಕೆ ಮುಕ್ಕಾಲು ಗಂಟೆ ಮೊದಲು ಅಲ್ಲಿರಬೇಕು. ಶೌಚಾಲಯದ ಸಾಲು ಉದ್ದವಿರುತ್ತದೆ, ಕಾಗದ ನೀವೇ ಒಯ್ಯಿರಿ.

ಬಿಬ್ಬನ್ನು ಅಂಗಿ ತೊಟ್ಟ ಮೇಲೆ, ಹೊಟ್ಟೆಯ ಮೇಲ್ಭಾಗದಲ್ಲಿ, ನಾಲ್ಕು ಮೂಲೆಗೂ ನಾಲ್ಕು ಪಿನ್ನಿನಿಂದ ಹಾಕಿ. ಮಂಚದ ಮೇಲೆ ಅಂಗಿ ಹರಡಿ ಚುಚ್ಚಿದರೆ ತೊಟ್ಟಾಗ ಬಟ್ಟೆ ಎಳೆದು ಹಾಳೆಯ ಮೂಲೆ ಹರಿಯುತ್ತದೆ. ಹಾಳೆಯ ಹಿಂದೆ ತೆಳು ಪಟ್ಟಿಯೊಂದು ಅಂಟಿರುತ್ತದೆ, ಅದೇ ಚಿಪ್. ಅದರೊಳಗಿನ ಲೋಹದ ಎಳೆ ಆಂಟೆನಾದ ಕೆಲಸ ಮಾಡುತ್ತದೆ. ಮಡಚಿದರೆ, ಪಿನ್ ಚುಚ್ಚಿದರೆ, ಮೇಲೆ ಸೊಂಟದ ಚೀಲ ಕಟ್ಟಿದರೆ ಆರಂಭದ ಮತ್ತು ಗುರಿಯ ಗೆರೆಯಲ್ಲಿ ಹಾಸಿರುವ, ಸಮಯ ಎಣಿಸುವ ಚಾಪೆ ಅದನ್ನು ಓದದೆ ಹೋಗಬಹುದು. ಓದದಿದ್ದರೆ ಫಲಿತಾಂಶದಲ್ಲಿ ನಿಮ್ಮ ಹೆಸರಿಲ್ಲ. ಫಲಿತಾಂಶದ ಎರಡು ಸಮಯಗಳಲ್ಲಿ ಒಂದು ಬಾವುಟ ಬೀಸಿದಾಗಿನಿಂದ, ಇನ್ನೊಂದು ನೀವು ಆರಂಭದ ಚಾಪೆ ತುಳಿದಾಗಿನಿಂದ. ಬಹುಮಾನಕ್ಕೆ ಸಾಮಾನ್ಯವಾಗಿ ಮೊದಲನೆಯದು, ನಿಮ್ಮ ಲೆಕ್ಕಕ್ಕೆ ಎರಡನೆಯದು. ಆದ್ದರಿಂದ ಹಿಂದೆ ನಿಂತರೆ ಹೊಸಬರಿಗೆ ಏನೂ ನಷ್ಟವಿಲ್ಲ. ಮುಂದೆ ನಿಂತರೆ ವೇಗದವರ ತಳ್ಳಾಟಕ್ಕೆ ಸಿಕ್ಕಿ ಮೊದಲ ಕಿಲೋಮೀಟರೇ ಉಸಿರು ಬಿಡಿಸುತ್ತದೆ.

70 ನಿಮಿಷದ ಗುರಿಯಿದ್ದರೆ ಹಂಚಿಕೆ ಹೀಗಿರಲಿ: ಮೊದಲ 3 ಕಿಲೋಮೀಟರ್ ತಲಾ 7 ನಿಮಿಷ 20 ಸೆಕೆಂಡಿನಂತೆ, ಒಟ್ಟು 22 ನಿಮಿಷ, ನಂತರದ 4 ತಲಾ 7 ನಿಮಿಷ, ಅಲ್ಲಿಗೆ 50, ಕೊನೆಯ 3 ತಲಾ 6.40, ಸರಿಯಾಗಿ 70. ಮೊದಲ ಮೂರರಲ್ಲಿ ಎಲ್ಲರೂ ನಿಮ್ಮನ್ನು ಹಿಂದಿಕ್ಕಿ ಹೋಗುತ್ತಾರೆ. ಹೋಗಲಿ. ದೇಹದ ಬಿಸಿ ಒಮ್ಮೆ ಏರಿದರೆ ಓಡುತ್ತಲೇ ಇಳಿಸುವುದು ಈ ಹವೆಯಲ್ಲಿ ಅಸಾಧ್ಯಕ್ಕೆ ಹತ್ತಿರ. ಏಳನೇ ಕಿಲೋಮೀಟರಿನಲ್ಲಿ ಪೂರ್ತಿ ವಾಕ್ಯ ಆಡಲು ಬಾರದಿದ್ದರೆ ವೇಗ ಏರಿಸುವ ಯೋಚನೆ ಬಿಟ್ಟು 7 ನಿಮಿಷದಲ್ಲೇ ಮುಗಿಸಿ.

ನೀರಿನ ಮೇಜು ಬಂದಾಗ ಮೊದಲನೆಯದಕ್ಕೆ ಮುಗಿಬೀಳದೆ ಕೊನೆಯ ಮೇಜಿಗೆ ಹೋಗಿ. ಕಾಗದದ ಲೋಟದ ಬಾಯನ್ನು ಎರಡು ಬೆರಳಿನಿಂದ ಒತ್ತಿ ಗಿಂಡಿಯ ಮೂತಿಯಂತೆ ಮಾಡಿಕೊಂಡರೆ ಮೂಗಿಗೆ ಹೋಗುವುದಿಲ್ಲ. ಹೊಸಬರು ಹತ್ತು ಹೆಜ್ಜೆ ನಡೆದೇ ಕುಡಿಯುವುದು ವಾಸಿ. ಇನ್ನೊಂದು ಲೋಟವನ್ನು ತಲೆ, ಕುತ್ತಿಗೆಗೆ ಸುರಿದುಕೊಳ್ಳಿ, ಶೂ ಚಂಡಿಯಾಗದಂತೆ ಬಗ್ಗಿ. ಯಾರನ್ನಾದರೂ ದಾಟುವಾಗ ‘ಬಲಬದಿ ಅಣ್ಣ’, ‘ಬಲಬದಿ ಅಕ್ಕ’ ಎಂದು ಹೇಳಿ. ಮಲಯಾಳ ಆಡುವ ಹೊಸದುರ್ಗದ (ಕಾಞಂಗಾಡಿನ) ಕಡೆಯ ಓಟವಾದರೆ ‘ಸೈಡ್ ಚೇಟ್ಟಾ’ (ಚೇಟ್ಟಾ ಎಂದರೆ ಅಣ್ಣ). ಕೈಯ ಜಿಪಿಎಸ್ ಗಡಿಯಾರ 10.2 ಕಿಲೋಮೀಟರ್ ತೋರಿಸಿದರೆ ಸಂಘಟಕರೊಡನೆ ಜಗಳ ಬೇಡ. ಸರಿಯಾಗಿ ಅಳೆದ ದಾರಿಯನ್ನು ತಿರುವುಗಳಲ್ಲಿ ಅತಿ ಹತ್ತಿರವಾಗುವ ಗೆರೆಯಲ್ಲಿ, ಸೈಕಲ್ಲಿಗೆ ಕಟ್ಟಿದ ಎಣಿಕೆ ಯಂತ್ರದಿಂದ ಅಳೆಯುತ್ತಾರೆ. ಕಡಮೆಯಾಗದಿರಲೆಂದು ಕಿಲೋಮೀಟರಿಗೆ 1 ಮೀಟರ್ ಸೇರಿಸುವ ಪದ್ಧತಿಯೂ ಇದೆ. ತಿರುವಿನಲ್ಲಿ ಹೊರಗಿನಿಂದ ಓಡಿದ್ದು, ಜನರನ್ನು ಸುತ್ತಿ ದಾಟಿದ್ದು ಉಳಿದ ಲೆಕ್ಕ.

ಯಾರಾದರೂ ಕುಸಿದರೆ

ಇದನ್ನು ಓಡುವವರೂ, ರಸ್ತೆಬದಿಯಲ್ಲಿ ನೀರು ಕೊಡುವ ಸ್ವಯಂಸೇವಕರೂ ಬಾಯಿಪಾಠ ಮಾಡಿಕೊಳ್ಳಬೇಕು. ಗುರಿ ಮುಟ್ಟಿ ತಟ್ಟನೆ ನಿಂತವರು ಕಣ್ಣು ಕತ್ತಲಾಗಿ ಬೀಳುವುದು ಸಾಮಾನ್ಯ. ಓಡುವಾಗ ಮೀನಖಂಡಗಳು ರಕ್ತವನ್ನು ಮೇಲಕ್ಕೆ ತಳ್ಳುತ್ತಿದ್ದವು, ನಿಂತಾಗ ಅದು ನಿಂತುಹೋಯಿತು. ಮಲಗಿಸಿ ಕಾಲು ಎತ್ತಿದರೆ ಕೆಲವೇ ನಿಮಿಷದಲ್ಲಿ ಸರಿಹೋಗುತ್ತಾರೆ. ನಡುದಾರಿಯಲ್ಲಿ ಬೀಳುವುದು ಬೇರೆ ಮಾತು. ಹೆಜ್ಜೆ ಓಲಾಡುವುದು, ಮಾತು ತೊದಲುವುದು, ಸೆಕೆಯಲ್ಲೂ ಚಳಿಯೆನ್ನುವುದು, ಹೆಸರು ಕೇಳಿದರೆ ಸಿಟ್ಟಾಗುವುದು ತಾಪಾಘಾತದ ಲಕ್ಷಣ. ಮೈ ಒಣಗಿರುತ್ತದೆ ಎಂಬ ಮಾತನ್ನು ನಂಬಿ ಕೂರಬೇಡಿ, ಓಟಗಾರರಲ್ಲಿ ಬೆವರು ಸುರಿಯುತ್ತಲೂ ಇರಬಹುದು. ಒಳಗಿನ ತಾಪ 40 ಡಿಗ್ರಿ ದಾಟಿರುತ್ತದೆ, ಪ್ರತಿ ನಿಮಿಷಕ್ಕೂ ಬೆಲೆಯಿದೆ. 108ಕ್ಕೆ ಕರೆ ಹೋಗಲಿ, ಆದರೆ ಆಂಬ್ಯುಲೆನ್ಸಿಗೆ ಕಾಯುತ್ತ ಗಾಳಿ ಬೀಸುತ್ತ ಕೂರಬಾರದು. ನೆರಳಿಗೆ ಸರಿಸಿ, ಅಂಗಿ ಶೂ ಬಿಚ್ಚಿ, ಕುತ್ತಿಗೆಯವರೆಗೆ ಮುಳುಗುವಷ್ಟು ತಣ್ಣೀರಿನ ತೊಟ್ಟಿಯಿದ್ದರೆ ಅದರಲ್ಲಿ ಇಳಿಸಿ ತಲೆ ಹಿಡಿದುಕೊಳ್ಳಿ. ಇಲ್ಲದಿದ್ದರೆ ಬಿಡದೆ ನೀರು ಸುರಿಯಿರಿ, ಚಂಡಿ ಬೈರಾಸು ಬದಲಿಸುತ್ತಿರಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಮಂಜುಗಡ್ಡೆ ಇಡಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಮೀನು ಮಾರುಕಟ್ಟೆ ಇರುವ ಪ್ರತಿ ಊರಿನಲ್ಲೂ ಮಂಜುಗಡ್ಡೆ ಸಿಗುತ್ತದೆ. ದೊಡ್ಡ ಪ್ಲಾಸ್ಟಿಕ್ ತೊಟ್ಟಿಯೊಂದು, ನಾಲ್ಕು ಪೆಟ್ಟಿಗೆ ಮಂಜು ತರಿಸಿಡುವುದು ಸಣ್ಣ ಸಂಘಕ್ಕೂ ಭಾರವಲ್ಲ. ಶಾಲು ಹಾರಕ್ಕೆ ಮೊದಲು ಅದರ ಖರ್ಚು ಎತ್ತಿಡಬೇಕು.

ಮುಗಿದ ಮೇಲೆ

ಹತ್ತು ನಿಮಿಷ ನಡೆಯುತ್ತಲೇ ಇರಿ. ಒಂದು ಗಂಟೆಯೊಳಗೆ ಇಡ್ಲಿ, ಮೊಟ್ಟೆ, ಉಪ್ಪು ಹಾಕಿದ ಮಜ್ಜಿಗೆ, ಹೊಟ್ಟೆ ಒಪ್ಪಿದ್ದು. ಫಲಿತಾಂಶದಲ್ಲಿ ಹೆಸರು ಕಾಣದಿದ್ದರೆ ನಂಬರು ಕಾಣುವ ಫೋಟೋ ಮತ್ತು ಗಡಿಯಾರದ ದಾಖಲೆಯನ್ನು ಅಂದೇ ಸಂಘಟಕರಿಗೆ ಕಳಿಸಿ. ವಾರ ಕಳೆದರೆ ಯಾರೂ ಹುಡುಕುವುದಿಲ್ಲ. ಮರುದಿನ ಅರ್ಧ ಗಂಟೆ ನಡಿಗೆ, ಮೂರನೇ ದಿನದ ನಂತರ 20 ನಿಮಿಷದ ಹಗುರ ಓಟ.

ಮನೆಗೆ ಬಂದ ಕೂಡಲೇ ಶೂವಿನ ಒಳಹಾಸು ಹೊರಗೆ ತೆಗೆದು ಬೇರೆಯಾಗಿ ಒಣಗಿಸಿ. ಶೂವಿನೊಳಗೆ ಹಳೆಯ ಪತ್ರಿಕೆಯ ಹಾಳೆ ಮುದ್ದೆಮಾಡಿ ತುಂಬಿ, ಒಂದು ಗಂಟೆ ಕಳೆದು ತೆಗೆದು ಹೊಸದು ತುಂಬಿ. ಮಳೆಗಾಲವಾದರೆ ಮೂರು ಸಲ. ಆಮೇಲೆ ಫ್ಯಾನಿನ ಕೆಳಗೆ ಮಗ್ಗುಲಾಗಿ ಇಡಿ. ಬಚ್ಚಲೊಲೆಯ ಹತ್ತಿರ ಇಟ್ಟರೆ ಅಂಟು ಬಿಟ್ಟು ತಳ ಕಳಚುತ್ತದೆ.